ತುಘಲಕ್ ಅಂದರೆ ಬರೀ ತಿಕ್ಕಲಲ್ಲ

ಪ್ರಶ್ನೆ: ನಾನು ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮ್ಯಾನೇಜರ್ ಬೆಳಿಗ್ಗೆ ಒಂದು ಹೇಳುತ್ತಾರೆ, ಸಂಜೆ ಇನ್ನೊಂದು ಹೇಳುತ್ತಾರೆ. ಅವರನ್ನು ನಾನು ‘ತಿಕ್ಕಲು’ ಅಂದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ‘ಇದು ತಿಕ್ಕಲಲ್ಲ, ತುಘಲಕ್ ದರ್ಬಾರು’ ಅಂದರು. ಎರಡೂ ಒಂದೇ ಅಲ್ವಾ? ಮನೆಯಲ್ಲಿ ನಮ್ಮ ಅತ್ತೆ ನನ್ನ ಒಂಬತ್ತು ವರ್ಷದ ಮಗನನ್ನೂ ‘ತುಘಲಕ್’ ಅಂತಲೇ ಕರೆಯುತ್ತಾರೆ. ದೋಸೆ ಬೇಕು ಅಂತಾನೆ, ಕಾವಲಿ ಮೇಲೆ ಹಿಟ್ಟು ಬಿದ್ದ ಮೇಲೆ ಪೂರಿ ಅಂತಾನೆ. ಅವನಿಗೂ ಈ ಪದ ಒಪ್ಪುತ್ತದೆಯೇ? ಬರೆಯುವಾಗ ‘ಘ’ ಸರಿಯೋ ‘ಗ’ ಸರಿಯೋ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಜೊತೆಯವರು ಹೇಳಿದ್ದೇ ಸರಿ. ಹಾಗಂತ ನಿಮ್ಮದೂ ಪೂರ್ತಿ ತಪ್ಪಲ್ಲ. ಎರಡೂ ಮಾತಿನ ಬುಡದಲ್ಲಿ ಇರುವುದು ಒಂದೇ ತಾಪತ್ರಯ: ಈ ಮನುಷ್ಯ ಮುಂದೆ ಏನು ಮಾಡುತ್ತಾನೋ ಹೇಳಲಾಗುವುದಿಲ್ಲ. ಅಲ್ಲಿಂದ ಮುಂದಕ್ಕೆ ಎರಡು ಪದಗಳ ದಾರಿ ಬೇರೆ ಬೇರೆ.

ತಿಕ್ಕಲು ಅನ್ನುವುದು ಸ್ವಭಾವ. ಅದಕ್ಕೆ ಕುರ್ಚಿ ಬೇಕಿಲ್ಲ, ಸಹಿ ಬೇಕಿಲ್ಲ, ಸೀಲು ಬೇಕಿಲ್ಲ. ಮೇ ತಿಂಗಳ ಬಿಸಿಲಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುವ ಚಿಕ್ಕಪ್ಪ ತಿಕ್ಕಲು. ಮದುವೆಗೆ ಅಂತ ಇಡೀ ರಾತ್ರಿ ಬಸ್ಸಲ್ಲಿ ಬಂದು, ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಚಪ್ಪಲಿ ಮೆಟ್ಟಿ ಹೊರಟುಬಿಡುವ ಭಾವ ತಿಕ್ಕಲು. ತೆಲುಗಿನವರೂ ‘ತಿಕ್ಕ’ ಅನ್ನುತ್ತಾರೆ, ಹೆಚ್ಚುಕಮ್ಮಿ ಇದೇ ಅರ್ಥದಲ್ಲಿ. ತಿಕ್ಕಲಿನಿಂದ ಅಕ್ಕಪಕ್ಕದವರಿಗೆ ಒಂದಿಷ್ಟು ನಗು, ಒಂದಿಷ್ಟು ಮುಜುಗರ, ಅಷ್ಟೇ. ಭಾವ ಹೊರಟ ಅಂತ ಉಳಿದವರು ಊಟ ಬಿಟ್ಟು ಏಳಬೇಕಾಗಿಲ್ಲ.

ತುಘಲಕ್ ಅನ್ನಬೇಕಾದರೆ ಉಳಿದವರೂ ಏಳಬೇಕು. ಅಲ್ಲೇ ಇರುವುದು ವ್ಯತ್ಯಾಸ.

ಕನ್ನಡದಲ್ಲಿ ಈ ಜಾತಿಯ ಪದಗಳಿಗೆ ಬರವಿಲ್ಲ. ‘ಹುಕಿ’ ಇದೆ. ಹುಕಿ ಬಂದರೆ ಹಾಡುತ್ತಾನೆ, ಬರದಿದ್ದರೆ ಕೈ ಮುಗಿದರೂ ಇಲ್ಲ. ಇದರಲ್ಲಿ ಸ್ವಲ್ಪ ಪ್ರೀತಿಯೂ ಇದೆ. ಕಲಾವಿದರಿಗೆ ಹೆಚ್ಚಾಗಿ ಹುಕಿಯೇ ಬರುತ್ತದೆ, ತಿಕ್ಕಲು ಬರುವುದಿಲ್ಲ, ನಾವು ಅಷ್ಟು ಮರ್ಯಾದೆ ಕೊಡುತ್ತೇವೆ. ‘ಕ್ಷಣಚಿತ್ತ ಕ್ಷಣಪಿತ್ತ’ ಅಂದರೆ ಈಗ ನಗು, ಈಗ ಸಿಡುಕು. ಇವತ್ತಿನ ಹುಡುಗರು ಅದನ್ನೇ ‘ಮೂಡಿ’ ಅನ್ನುತ್ತಾರೆ. ಚಂಚಲ ಅಂದರೆ ಮನಸ್ಸು ಒಂದು ಕಡೆ ನಿಲ್ಲದವನು. ಊಸರವಳ್ಳಿಯನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅದು ಬಣ್ಣ ಬದಲಿಸುವುದು ಲೆಕ್ಕ ಹಾಕಿ, ತನ್ನ ಲಾಭ ನೋಡಿಕೊಂಡು. ಊಸರವಳ್ಳಿಯಂಥವನು ನಾಳೆ ಯಾವ ಕಡೆ ಇರುತ್ತಾನೆ ಅಂತ ಸುಲಭವಾಗಿ ಹೇಳಬಹುದು: ಗೆಲ್ಲುವವರ ಕಡೆ.

ಹಾಗೇ ‘ಹಿಟ್ಲರ್’. ಮನೆಯಲ್ಲಿ ಅಪ್ಪನಿಗೆ, ಹಾಸ್ಟೆಲಿನಲ್ಲಿ ವಾರ್ಡನ್‌ಗೆ ಈ ಹೆಸರು ಇಡುತ್ತಾರಲ್ಲ, ಅವರು ತುಘಲಕ್‌ಗೆ ಪೂರ್ತಿ ಉಲ್ಟಾ. ಹಿಟ್ಲರ್ ಅನ್ನಿಸಿಕೊಂಡ ವಾರ್ಡನ್ ರಾತ್ರಿ ಹತ್ತಕ್ಕೆ ಗೇಟು ಹಾಕುತ್ತಾನೆ ಅಂದರೆ ಹತ್ತಕ್ಕೇ ಹಾಕುತ್ತಾನೆ. ನಾಳೆಯೂ ಹತ್ತು, ನಾಡಿದ್ದೂ ಹತ್ತು. ತುಘಲಕ್ ಅನ್ನಿಸಿಕೊಂಡವನು ಇವತ್ತು ಹತ್ತು ಅಂತಾನೆ, ನಾಳೆ ಏಳು ಅಂತಾನೆ, ನಾಡಿದ್ದು ಗೇಟನ್ನೇ ಕಿತ್ತು ಹಿಂದಿನ ಗೋಡೆಗೆ ಇಡಿಸುತ್ತಾನೆ. ಆಚೆ ವಾರ ‘ಗೇಟು ಇಲ್ಲಿಗೆ ಯಾಕೆ ಬಂತು’ ಅಂತ ನಿಮ್ಮನ್ನೇ ಕೇಳುತ್ತಾನೆ.

ಈ ಕೊನೆಯ ಮಾತನ್ನು ನಾನು ಕಣ್ಣಾರೆ ಕಂಡೇ ಕಲಿತದ್ದು. ವಯಸ್ಸಿನಲ್ಲಿ ಒಂದು ಸಣ್ಣ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಮದುವೆ ಕಾಗದ, ಕ್ಯಾಲೆಂಡರು, ಅಂಗಡಿ ಬಿಲ್ ಬುಕ್ಕು ಇವೇ ಅಲ್ಲಿನ ಕೆಲಸ. ಯಜಮಾನರು ಒಳ್ಳೆಯವರು, ಓದಿಕೊಂಡವರು, ಭಾಷಾಭಿಮಾನ ಜಾಸ್ತಿ. ಒಂದು ಸೋಮವಾರ ಬಂದವರೇ ಹೇಳಿದರು: ಇವತ್ತಿನಿಂದ ನಮ್ಮಲ್ಲಿ ಇಂಗ್ಲಿಷ್ ಅಂಕಿ ಇಲ್ಲ, ಎಲ್ಲದರಲ್ಲೂ ಕನ್ನಡ ಅಂಕಿ. ಕೇಳಲು ಚೆನ್ನಾಗಿತ್ತು. ನಮಗೂ ಖುಷಿಯಾಯಿತು. ಕ್ಯಾಲೆಂಡರು, ಮದುವೆ ಕಾಗದ ಸಲೀಸಾಗಿ ಆದವು. ಬಿಲ್ ಬುಕ್ಕಿನ ಹತ್ತಿರ ಬಂದು ಗಾಡಿ ನಿಂತಿತು. ಬಿಲ್ಲಿಗೆ ಸಾಲಾಗಿ ನಂಬರು ಹೊಡೆಯುವ ಮೆಷಿನ್ನಿನಲ್ಲಿ ಇರುವುದು ಉಕ್ಕಿನ ಚಕ್ರಗಳು. ಅದರ ಮೈಮೇಲೆ ಕೆತ್ತಿರುವುದು ಇಂಗ್ಲಿಷ್ ಅಂಕಿ. ಒಂದು ಸಲ ಒತ್ತಿದರೆ ಚಕ್ರ ತಾನಾಗಿ ಮುಂದಿನ ಅಂಕಿಗೆ ತಿರುಗುತ್ತದೆ. ಕನ್ನಡದ ಚಕ್ರ ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಒಂದೊಂದು ಬಿಲ್ಲಿಗೂ ನಂಬರನ್ನು ಕೈಯಲ್ಲಿ ಜೋಡಿಸಿ, ಒತ್ತಿ, ತೆಗೆದು, ಮತ್ತೆ ಜೋಡಿಸಿ. ಮೂರು ಜನ ಎರಡು ವಾರ ರಾತ್ರಿ ಕೂತರು.

ಆಮೇಲೆ ಅಕ್ಕಿ ಗಿರಣಿಯವರೊಬ್ಬರು ಬಿಲ್ ಬುಕ್ಕಿನ ಕಟ್ಟು ಹೊತ್ತು ತಂದು ಟೇಬಲ್ ಮೇಲೆ ಕುಕ್ಕಿದರು. ಅವರ ಲೆಕ್ಕದ ಗುಮಾಸ್ತನಿಗೆ ಕನ್ನಡದ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲವಂತೆ. ಯಜಮಾನರು ನಮ್ಮ ಕಡೆ ತಿರುಗಿ ಕೇಳಿದರು: ‘ಬಿಲ್ ಬುಕ್ಕಿಗೂ ಕನ್ನಡ ಅಂಕಿ ಹಾಕಿ ಅಂತ ಯಾರು ಹೇಳಿದ್ದು ನಿಮಗೆ?’

ಅವರು ಒಳಗೆ ಹೋದ ಮೇಲೆ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಬೆರಳಿನ ಮಸಿ ಒರೆಸಿಕೊಳ್ಳುತ್ತಾ ಮೆಲ್ಲಗೆ ಅಂದರು, ‘ತುಘಲಕ್ ದರ್ಬಾರು.’

ಗಮನಿಸಿ, ಅವರು ‘ತಿಕ್ಕಲು’ ಅನ್ನಲಿಲ್ಲ. ಯಜಮಾನರ ಯೋಚನೆ ತಿಕ್ಕಲಿನದ್ದಲ್ಲ. ಕೆಟ್ಟದ್ದೂ ಅಲ್ಲ. ಆದರೆ ಯೋಚನೆ ಒಬ್ಬರದು, ನಿದ್ದೆಗೆಟ್ಟವರು ಮೂವರು, ತಪ್ಪು ಕೂಡ ಆ ಮೂವರದೇ. ಆ ಹಿರಿಯರು ಇತಿಹಾಸ ಎಷ್ಟು ಓದಿದ್ದರೋ ಏನೋ, ಪದವನ್ನು ಮಾತ್ರ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಇಟ್ಟರು.

ಈಗ ಆ ಮನುಷ್ಯನ ವಿಷಯಕ್ಕೆ ಬರೋಣ. ನಾವು ತುಘಲಕ್ ಅಂತ ಬೈಯುವುದು ಮುಹಮ್ಮದ್ ಬಿನ್ ತುಘಲಕ್‌ನನ್ನು. 1325ರಿಂದ 1351ರವರೆಗೆ ದೆಹಲಿಯ ಸುಲ್ತಾನ. ‘ಬಿನ್’ ಅಂದರೆ ಮಗ. ತುಘಲಕನ ಮಗ ಮುಹಮ್ಮದ್ ಅಂತ ಅರ್ಥ. ಅಂದರೆ ತುಘಲಕ್ ಅನ್ನುವುದು ಅವನ ಹೆಸರಲ್ಲ, ಅಪ್ಪನ ಹೆಸರು! ಅಪ್ಪ ಘಿಯಾಸುದ್ದೀನ್ ತುಘಲಕ್. 1320ರಲ್ಲಿ ಪಟ್ಟಕ್ಕೆ ಬಂದವನು, ಐದೇ ವರ್ಷ ಆಳಿದವನು, ಹಳೇ ದಂಡನಾಯಕ, ಲೆಕ್ಕಾಚಾರದ ಮನುಷ್ಯ. ದಂಡಯಾತ್ರೆಯಿಂದ ವಾಪಸು ಬರುವಾಗ ಸ್ವಾಗತಕ್ಕೆ ಕಟ್ಟಿದ್ದ ಮರದ ಮಂಟಪ ಮೈಮೇಲೆ ಬಿದ್ದು ಸತ್ತ. ಮಗ ಮಾಡಿದ್ದಕ್ಕೆಲ್ಲ ಏಳುನೂರು ವರ್ಷದಿಂದ ಅಪ್ಪನ ಹೆಸರು ಬೈಸಿಕೊಳ್ಳುತ್ತಿದೆ. ನಮ್ಮಲ್ಲೂ ಹೀಗೆ ಆಗುತ್ತದೆ. ಇನಿಷಿಯಲ್ಲನ್ನು ಬಿಡಿಸಿ ಬರೆದು, ಅಪ್ಪನ ಹೆಸರೇ ಮಗನ ಹೆಸರಾಗಿ, ಆಫೀಸಿನಲ್ಲಿ ಎಲ್ಲರೂ ಅಪ್ಪನನ್ನೇ ಕರೆಯುತ್ತಾರೆ.

‘ಘ’ನೋ ‘ಗ’ನೋ ಅಂದಿರಿ. ಮೂಲದಲ್ಲಿ ಇದು ತುರ್ಕಿ ಹೆಸರು, ಪಾರಸಿ ಬರಹದಲ್ಲಿ ನಮಗೆ ಬಂದದ್ದು. ಅದರ ನಡುವಿನ ಅಕ್ಷರ ಗಂಟಲಿನ ಆಳದಿಂದ ಹೊರಡುವ ಒಂದು ಸದ್ದು. ಅದು ನಮ್ಮ ‘ಗ’ವೂ ಅಲ್ಲ, ‘ಘ’ವೂ ಅಲ್ಲ. ಕೊನೆಯ ‘ಕ್’ ಕೂಡ ನಮ್ಮ ‘ಕ್’ ಅಲ್ಲ. ಎರಡನೆಯ ಸ್ವರವೂ ಮೂಲದಲ್ಲಿ ಉಕಾರ, ತುಘ್ಲುಕ್ ಅನ್ನುವ ಹಾಗೆ. ಹಾಗಾಗಿ ಪೂರ್ತಿ ಶುದ್ಧ ಅನ್ನುವುದು ಕನ್ನಡ ಲಿಪಿಯಲ್ಲಿ ಸಾಧ್ಯವೇ ಇಲ್ಲ. ಪುಸ್ತಕ, ಪತ್ರಿಕೆಗಳಲ್ಲಿ ‘ತುಘಲಕ್’ ನಿಂತುಬಿಟ್ಟಿದೆ. ಹಾಗೇ ಬರೆಯಿರಿ. ಮಾತಿನಲ್ಲಿ ‘ತುಗ್ಲಕ್’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ.

ಇವನು ದಡ್ಡನಾಗಿದ್ದರೆ ಈ ಪದ ಹುಟ್ಟುತ್ತಲೇ ಇರಲಿಲ್ಲ. ಪಾರಸಿ, ಅರಬ್ಬಿ ಬಲ್ಲವನು. ತರ್ಕ, ಗಣಿತ, ವೈದ್ಯ ಓದಿದವನು. ಕೈಬರಹ ಮುತ್ತಿನಂತಿತ್ತು ಅನ್ನುತ್ತಾರೆ. ಹೋಳಿ ಆಡುತ್ತಿದ್ದ, ಜೈನ ಗುರುಗಳನ್ನು ಕರೆಸಿ ಮಾತಾಡಿಸುತ್ತಿದ್ದ. ಅವನ ಯೋಜನೆಗಳು ಒಂದೊಂದಾಗಿ ನೋಡಿದರೆ ತಲೆ ಇರುವ ಮನುಷ್ಯನ ಯೋಜನೆಗಳೇ.

ನಾಣ್ಯದ ಕಥೆ ತೆಗೆದುಕೊಳ್ಳಿ. 1329–30ರ ಸುಮಾರಿಗೆ ಅವನು ಹಿತ್ತಾಳೆ, ತಾಮ್ರದ ನಾಣ್ಯ ಒತ್ತಿಸಿದ. ಇದನ್ನೇ ಬೆಳ್ಳಿಯ ಟಂಕ ಅಂತ ತಿಳಿಯಿರಿ, ಅಷ್ಟೇ ಬೆಲೆಗೆ ನಡೆಸಿ ಅಂತ ಹುಕುಂ. ನಮಗೆ ಈಗ ಇದರಲ್ಲಿ ಹುಚ್ಚುತನ ಏನೂ ಕಾಣುವುದಿಲ್ಲ. ನಿಮ್ಮ ಜೇಬಿನಲ್ಲಿರುವ ಐನೂರರ ನೋಟು ಕೂಡ ಬರೀ ಕಾಗದವೇ. ಸರ್ಕಾರ ಹೇಳಿದೆ ಅಂತ ಅದಕ್ಕೆ ಬೆಲೆ. ಚೀನಾದಲ್ಲಿ ಕುಬ್ಲಾಯ್ ಖಾನ್ ಆಗಲೇ ಕಾಗದದ ದುಡ್ಡು ನಡೆಸಿದ್ದ. ಪರ್ಷಿಯಾದಲ್ಲಿ 1294ರಲ್ಲಿ ಅದನ್ನು ನೋಡಿ ಮಾಡಲು ಹೋಗಿ ಕೆಲವೇ ದಿನಗಳಲ್ಲಿ ಪೇಟೆ ಮುಚ್ಚಿಹೋಗಿತ್ತು. ಸುಲ್ತಾನನ ತಲೆಯಲ್ಲಿ ಬಹುಶಃ ಚೀನಾ ಮಾತ್ರ ಇತ್ತು.

ಅವನು ಮರೆತದ್ದು ಒಂದೇ. ಆ ನಾಣ್ಯವನ್ನು ಬೇರೆಯವರು ಮಾಡಲಾಗದಂತೆ ಅದರಲ್ಲಿ ಏನೂ ಇಟ್ಟಿರಲಿಲ್ಲ. ಬದಲಿಗೆ ಅದರ ಮೇಲೆ ಒಂದು ಧರ್ಮದ ಮಾತು ಅಚ್ಚು ಹಾಕಿಸಿದ: ಸುಲ್ತಾನನ ಮಾತು ಕೇಳಿದವನು ದೇವರ ಮಾತು ಕೇಳಿದಂತೆ. ಕಂಚುಗಾರನಿಗೆ ಅದನ್ನು ನೋಡಿಕೊಂಡು ಅಚ್ಚು ಕೆತ್ತುವುದು ಎಷ್ಟು ಹೊತ್ತಿನ ಕೆಲಸ? ಮನೆಮನೆಯೂ ಟಂಕಸಾಲೆಯಾಯಿತು ಅಂತ ಆ ಕಾಲದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ಜನ ಕಂದಾಯವನ್ನು ಹಿತ್ತಾಳೆಯಲ್ಲಿ ಕಟ್ಟಿದರು, ಬೆಳ್ಳಿಯನ್ನು ನೆಲದಲ್ಲಿ ಹೂತರು. ಹೊರದೇಶದ ವ್ಯಾಪಾರಿಗಳು ಆ ನಾಣ್ಯ ಮುಟ್ಟಲಿಲ್ಲ. ಎರಡು ಮೂರು ವರ್ಷದಲ್ಲಿ ಸುಲ್ತಾನ ಸಿಟ್ಟಾಗಿ ಅದನ್ನು ರದ್ದು ಮಾಡಿದ. ರದ್ದು ಮಾಡುವಾಗಲೂ ಅವನದೇ ಶೈಲಿ: ಎಲ್ಲರೂ ತಂದು ಕೊಡಿ, ಖಜಾನೆಯಿಂದ ಬೆಳ್ಳಿ ಕೊಡುತ್ತೇನೆ ಅಂದ. ಅಸಲಿ ನಕಲಿ ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಜನ ಬಂದರು. ತುಘಲಕಾಬಾದಿನ ಕೋಟೆಯಲ್ಲಿ ಆ ನಾಣ್ಯಗಳು ಗುಡ್ಡದ ಹಾಗೆ ಬಿದ್ದಿದ್ದವಂತೆ.

ನಮ್ಮ ಯಜಮಾನರ ನಂಬರಿಂಗ್ ಮೆಷಿನ್ನು ನೆನಪಾಯಿತಾ? ಯೋಚನೆ ದೊಡ್ಡದು, ಚಕ್ರ ಇಲ್ಲ.

ರಾಜಧಾನಿಯ ಕಥೆ ಎಲ್ಲರಿಗೂ ಗೊತ್ತು. 1327ರಲ್ಲಿ ದೆಹಲಿಯಿಂದ ದೇವಗಿರಿಗೆ. ಅದಕ್ಕೆ ದೌಲತಾಬಾದ್ ಅಂತ ಹೊಸ ಹೆಸರು. ಎಲ್ಲೋರ ನೋಡಲು ಹೋಗುವವರು ದಾರಿಯಲ್ಲಿ ಬಸ್ಸು ನಿಲ್ಲಿಸಿ ನೋಡುವ ಕೋಟೆ ಅದೇ. ಒಂದು ಕಾಲಕ್ಕೆ ಸೇವುಣರ ರಾಜಧಾನಿ. ದೆಹಲಿಯಿಂದ 1,000 ಕಿಲೋಮೀಟರಿಗೂ ಜಾಸ್ತಿ ದೂರ. ದಕ್ಷಿಣವನ್ನು ಆಳಬೇಕಾದರೆ ದಕ್ಷಿಣಕ್ಕೆ ಹತ್ತಿರ ಇರಬೇಕು ಅನ್ನುವ ಲೆಕ್ಕ ತಪ್ಪೇನಲ್ಲ. ದಾರಿಗೆ ನೆರಳಿನ ಮರ, ತಂಗಲು ಜಾಗ ಎಲ್ಲ ಮಾಡಿಸಿದ್ದ. ‘ದೆಹಲಿಯಲ್ಲಿ ಒಂದು ನಾಯಿ ಬೆಕ್ಕೂ ಉಳಿಯಲಿಲ್ಲ’ ಅನ್ನುವುದು ಮಾತಿನ ಉಬ್ಬರ. ದೆಹಲಿಯ ಟಂಕಸಾಲೆ ಆಗಲೂ ನಾಣ್ಯ ಒತ್ತುತ್ತಲೇ ಇತ್ತು. ಹೊರಡಬೇಕಾಗಿ ಬಂದದ್ದು ಹೆಚ್ಚಾಗಿ ಅಧಿಕಾರಿಗಳು, ವಿದ್ವಾಂಸರು, ಸೂಫಿಗಳು, ದೊಡ್ಡ ಮನೆತನದವರು.

ಆದರೆ ಹೊರಟವರಿಗೆ ಅದು ಉಬ್ಬರ ಆಗಿರಲಿಲ್ಲ. ಇಸಾಮಿ ಅನ್ನುವ ಕವಿಯ ಅಜ್ಜನಿಗೆ ಆಗ 90 ವರ್ಷ. ಹುಕುಂ ಬಂದಾಗ ಮನೆ ಬಿಟ್ಟು ಹೊರಟರು. ದೆಹಲಿಯಿಂದ ಮೊದಲನೆಯ ತಂಗುದಾಣ ತಿಲಪತ್. ಅಲ್ಲೇ ತೀರಿಕೊಂಡರು, ಅಲ್ಲೇ ಮಣ್ಣು ಮಾಡಿ ಮೊಮ್ಮಗ ಮುಂದಕ್ಕೆ ನಡೆದ. ಆ ಮೊಮ್ಮಗ 1350ರಲ್ಲಿ ಸಾವಿರಾರು ಸಾಲಿನ ಇತಿಹಾಸ ಕಾವ್ಯ ಬರೆದು ಸುಲ್ತಾನನ ಜನ್ಮ ಜಾಲಾಡಿದ. ಬರೆದದ್ದು ಯಾರ ಆಶ್ರಯದಲ್ಲಿ ಗೊತ್ತಾ? ಅದೇ ದೌಲತಾಬಾದಿನಲ್ಲಿ ಸುಲ್ತಾನನ ವಿರುದ್ಧ ದಂಗೆ ಎದ್ದು 1347ರಲ್ಲಿ ಪಟ್ಟಕ್ಕೆ ಬಂದ ಬಹಮನಿ ದೊರೆಯ ಆಶ್ರಯದಲ್ಲಿ. ಅಷ್ಟರಲ್ಲಿ ಸುಲ್ತಾನ ಜನರಿಗೆ ‘ಬೇಕಾದವರು ದೆಹಲಿಗೆ ವಾಪಸು ಹೋಗಬಹುದು’ ಅಂತ ಹೇಳಿಯೂ ಆಗಿತ್ತು.

ಹೀಗೆ ಹೋಗಿ ಬಂದವರಲ್ಲಿ ಒಬ್ಬ ಚಿಕ್ಕ ಹುಡುಗನಿದ್ದ. ಅಪ್ಪ ಅಮ್ಮನ ಜೊತೆ ದೌಲತಾಬಾದಿಗೆ ಬಂದು, ಕೆಲವು ವರ್ಷಗಳ ಮೇಲೆ ದೆಹಲಿಗೆ ಮರಳಿದ. ಮುದುಕನಾದ ಮೇಲೆ ಮತ್ತೆ ದಕ್ಷಿಣಕ್ಕೆ ಬಂದು ಕಲಬುರಗಿಯಲ್ಲಿ ನೆಲೆಸಿ 1422ರಲ್ಲಿ ತೀರಿಕೊಂಡ. ಅವರೇ ಸೂಫಿ ಸಂತ ಬಂದೇನವಾಜ್. ಕಲಬುರಗಿಯ ದರ್ಗಾಕ್ಕೆ ಇವತ್ತಿಗೂ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ.

ಇದೆಲ್ಲ ನಾಣ್ಯ, ರಾಜಧಾನಿಯ ಕಥೆಯಾಯಿತು. ‘ಮುಂದೇನು ಮಾಡುತ್ತಾನೋ’ ಅನ್ನುವ ಭಯ ಹೇಗಿತ್ತು ಅಂತ ತಿಳಿಯಬೇಕಾದರೆ ಇಬ್ನ್ ಬತೂತನನ್ನು ಕೇಳಬೇಕು. ಮೊರೊಕ್ಕೊದಿಂದ ಬಂದ ಈ ಯಾತ್ರಿಕನನ್ನು ಸುಲ್ತಾನ ದೆಹಲಿಯ ನ್ಯಾಯಾಧೀಶನನ್ನಾಗಿ ಮಾಡಿದ. ಕೈತುಂಬ ಸಂಬಳ. ಇವನ ಸಾಲವನ್ನೂ ಅವನೇ ತೀರಿಸಿದ. ಆಮೇಲೆ ಒಂದು ದಿನ, ಸುಲ್ತಾನನಿಗೆ ಆಗದ ಒಬ್ಬ ಸಂತನನ್ನು ನೋಡಲು ಹೋಗಿದ್ದ ಅನ್ನುವ ಕಾರಣಕ್ಕೆ ಇವನ ಹಿಂದೆ ಕಾವಲುಗಾರರು ಬಂದು ನಿಂತರು. ಹೀಗೆ ಕಾವಲು ಬಿತ್ತು ಅಂದರೆ ಬದುಕುವುದು ಅಪರೂಪ. ಐದು ದಿನ ನೀರು ಬಿಟ್ಟು ಏನೂ ಮುಟ್ಟದೆ ಪ್ರಾರ್ಥನೆ ಮಾಡಿದೆ ಅನ್ನುತ್ತಾನೆ. ಸಂತನ ತಲೆ ಹೋಯಿತು, ಇವನು ಉಳಿದ. ಆಸ್ತಿಯನ್ನೆಲ್ಲ ಹಂಚಿ ಫಕೀರನಾಗಿ ಕೂತ. ಸ್ವಲ್ಪ ದಿನ ಕಳೆದು ಅದೇ ಸುಲ್ತಾನ ಕರೆಸಿ, ಕುದುರೆ ಬಟ್ಟೆ ಎಲ್ಲ ಕೊಟ್ಟು, ಚೀನಾಕ್ಕೆ ರಾಯಭಾರಿಯಾಗಿ ಹೋಗು ಅಂದ!

ಈ ಸುಲ್ತಾನನ ಬಾಗಿಲಲ್ಲಿ ಯಾವಾಗ ನೋಡಿದರೂ ಸಿರಿವಂತನಾದ ಒಬ್ಬ ಬಡವ ಇರುತ್ತಾನೆ, ಇಲ್ಲವೇ ತಲೆ ಕಳೆದುಕೊಂಡ ಒಬ್ಬ ಬದುಕಿದ್ದವನು ಇರುತ್ತಾನೆ ಅನ್ನುವ ಅರ್ಥದಲ್ಲಿ ಬತೂತ ಬರೆದಿದ್ದಾನೆ. ಒಳಗೆ ಹೋಗುವವನಿಗೆ ತಾನು ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲ. ನನ್ನ ಕೇಳಿದರೆ ತುಘಲಕ್ ಅನ್ನುವ ಪದದ ಪೂರ್ತಿ ಅರ್ಥ ಆ ಬಾಗಿಲಲ್ಲಿದೆ. ಬತೂತ 1342ರಲ್ಲಿ ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರು ಹಾದು ಕಲ್ಲಿಕೋಟೆಗೆ ಹೋದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ ಇದ್ದವು ಅಂತ ಬರೆದಿದ್ದಾನೆ, ಈ ಮಾತು ಸುಮ್ನೆ ದಾರಿಯಲ್ಲಿ ಹೇಳಿದೆ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಸುಲ್ತಾನನ ಕಾಣಿಕೆ ತುಂಬಿದ್ದ ಹಡಗು ಒಡೆಯಿತು. ಬತೂತ ವಾಪಸು ದೆಹಲಿಗೆ ಹೋಗಲೇ ಇಲ್ಲ. ಹೋದರೆ ಏನಾಗುತ್ತದೋ ಅನ್ನುವ ಹೆದರಿಕೆ. ಬಹುಮಾನವೂ ಸಿಗಬಹುದಿತ್ತು ಅನ್ನುವುದೇ ಆ ಹೆದರಿಕೆಯ ವಿಚಿತ್ರ.

ಕನ್ನಡಕ್ಕೆ ಈ ಪದ ಹೇಗೆ ಬಂತು? ಇಲ್ಲಿ ಒಂದು ಸ್ವಾರಸ್ಯ ಇದೆ. ಈ ಸುಲ್ತಾನನ ಏಟು ನಮ್ಮ ನೆಲಕ್ಕೆ ನೇರವಾಗಿಯೇ ಬಿದ್ದಿದೆ. ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದ ಅವನ ಹತ್ತಿರದ ನೆಂಟ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದ. ಸೋತು ಓಡಿಬಂದು ಕಂಪಿಲಿಯ ಅರಸನ ಮರೆಹೊಕ್ಕ. ಮರೆಹೊಕ್ಕವನನ್ನು ಕೊಡುವುದಿಲ್ಲ ಅಂದದ್ದಕ್ಕೆ 1327ರ ಸುಮಾರಿಗೆ ಕಂಪಿಲಿಯೂ ಕುಮ್ಮಟದುರ್ಗವೂ ನಾಶವಾದವು. ಅಲ್ಲಿಂದ ಗುರ್ಶಾಸ್ಪ್ ದೋರಸಮುದ್ರಕ್ಕೆ ಓಡಿದ. ಹೊಯ್ಸಳ ಮೂರನೆಯ ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ.

ಆ ಕಂಪಿಲಿಯ ಅರಸನ ಮಗ, ಕುಮ್ಮಟದ ಕುಮಾರರಾಮನ ಕಥೆಯನ್ನು ನಮ್ಮ ಜನ ಕಾವ್ಯ ಮಾಡಿದರು, ಹಾಡಿದರು, ಬಯಲಾಟ ಆಡಿದರು, ದೇವರು ಮಾಡಿ ಪೂಜೆಯನ್ನೂ ಮಾಡಿದರು. ಆ ಕಥೆಗಳಲ್ಲಿ ದೆಹಲಿಯ ಸುಲ್ತಾನ ಬರುತ್ತಾನೆ. ಆದರೆ ಬರುವುದು ಶತ್ರುವಾಗಿ, ದಂಡು ಕಳಿಸುವವನಾಗಿ. ಗಳಿಗೆಗೊಂದು ಬುದ್ಧಿಯವನಾಗಿ ಅಲ್ಲ. ಅಂದರೆ ಅವನಿಂದ ಏಟು ತಿಂದ ನೆನಪಿನಿಂದ ‘ತುಘಲಕ್ ದರ್ಬಾರು’ ಹುಟ್ಟಲಿಲ್ಲ. ನನಗೆ ಕಾಣುವಂತೆ ಅದು ಬಂದದ್ದು ಶಾಲೆಯಿಂದ. ಇತಿಹಾಸದ ಪಾಠದಲ್ಲಿ ‘ತುಘಲಕನ ಯೋಜನೆಗಳು ಏಕೆ ವಿಫಲವಾದವು’ ಅನ್ನುವ ಐದು ಅಂಕದ ಪ್ರಶ್ನೆ ಇರುತ್ತಿತ್ತಲ್ಲ, ಅಲ್ಲಿಂದ. ಆಮೇಲೆ 1964ರಲ್ಲಿ ಗಿರೀಶ ಕಾರ್ನಾಡರ ನಾಟಕ ಬಂತು. ಸಿ.ಆರ್. ಸಿಂಹ ಆ ಪಾತ್ರ ಮಾಡಿದ್ದನ್ನು ನೋಡಿದವರು ಇವತ್ತಿಗೂ ಅದನ್ನೇ ಹೇಳುತ್ತಾರೆ. ಪಾಠದ ಪುಸ್ತಕದಲ್ಲಿ ‘ಹುಚ್ಚು ದೊರೆ’ ಆಗಿದ್ದವನು ರಂಗದ ಮೇಲೆ ಕನಸು ಕಂಡು, ಕನಸಿನ ಕೈಯಲ್ಲೇ ಕೆಟ್ಟವನಾದ. ತಮಿಳಿನಲ್ಲಿ ಚೋ ರಾಮಸ್ವಾಮಿ ಇವನ ಮೇಲೆ ನಗೆನಾಟಕ ಬರೆದರು. 1970ರಲ್ಲಿ ಶುರು ಮಾಡಿದ ರಾಜಕೀಯ ಪತ್ರಿಕೆಗೂ ಇವನ ಹೆಸರನ್ನೇ ಇಟ್ಟರು. ಹಿಂದಿಯವರು ‘ತುಘಲಕಿ ಫರ್ಮಾನು’ ಅನ್ನುತ್ತಾರೆ. ಅವರು ಹಿಡಿದದ್ದು ಕಾಗದ, ನಾವು ಹಿಡಿದದ್ದು ಇಡೀ ಸಭೆ.

ಸಭೆಯನ್ನು ಹಿಡಿದದ್ದು ನಮ್ಮ ಜಾಣತನ. ‘ದರ್ಬಾರು’ ಅನ್ನುವ ಪದಕ್ಕೆ ಕನ್ನಡದಲ್ಲಿ ಎರಡು ಮುಖ. ಮೈಸೂರು ಅರಮನೆಯ ಖಾಸಗಿ ದರ್ಬಾರು ಅಂದರೆ ಗೌರವ. ‘ಏನಪ್ಪಾ ನಿನ್ನ ದರ್ಬಾರು’ ಅಂದರೆ ಚುಚ್ಚು. ಆ ಚುಚ್ಚಿನ ಜೊತೆಗೆ ತುಘಲಕ್ ಸೇರಿದಾಗ ಬರೀ ಒಬ್ಬ ದೊರೆ ಕಾಣುವುದಿಲ್ಲ. ಸುತ್ತ ಕೂತು ತಲೆ ಆಡಿಸುವವರೂ ಕಾಣುತ್ತಾರೆ. ಒಬ್ಬನೇ ಮನುಷ್ಯ ಸುಮ್ಮನೆ ಬಡಬಡಿಸಿದರೆ ಅದು ದರ್ಬಾರಾಗುವುದಿಲ್ಲ. ‘ಹೌದು ಸಾರ್’ ಅನ್ನುವ ನಾಲ್ಕು ಜನ ಬೇಕು.

ಇನ್ನೊಂದು ತಮಾಷೆ. ದರ್ಬಾರು, ಹುಕುಂ, ಬದಲು, ವಾಪಸು, ರದ್ದು, ಇವೆಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದ ಪದಗಳು. ಇಂಥವು ಕನ್ನಡಕ್ಕೆ ಬಂದ ಹಾದಿಗಳಲ್ಲಿ ದೊಡ್ಡದು ಬಹಮನಿ, ಬಿಜಾಪುರದ ಆಡಳಿತ. ಆ ಆಡಳಿತಕ್ಕೆ ಬೀಜ ಬಿದ್ದದ್ದು ದೆಹಲಿಯಿಂದ ದೌಲತಾಬಾದಿಗೆ ನಡೆದುಬಂದ ಜನರಿಂದ. ದಖ್ಖನಿ ಭಾಷೆಯ ಬೇರೂ ಅಲ್ಲೇ ಇದೆ. ಅಂದರೆ ತುಘಲಕನನ್ನು ಬೈಯಲು ನಮಗೆ ಬೇಕಾದ ಪದಗಳ ಒಂದು ಪಾಲನ್ನು ಅವನೇ ಸಾಗಹಾಕಿ ಕೊಟ್ಟ ಹಾಗಾಯಿತು.

ಬಳಸುವಾಗ ಒಂದೆರಡು ಎಚ್ಚರ ಇರಲಿ. ನಮಗೆ ಸಿಗುವ ಕಥೆಗಳನ್ನು ಬರೆದವರಲ್ಲಿ ಬರನಿ 17 ವರ್ಷಕ್ಕೂ ಜಾಸ್ತಿ ಅದೇ ಸುಲ್ತಾನನ ಜೊತೆ ಇದ್ದವನು. ಸುಲ್ತಾನ ಸತ್ತ ಮೇಲೆ ಮೂಲೆಗುಂಪಾಗಿ, ಬಡತನದಲ್ಲಿ ಕೂತು ಬರೆದವನು. ಇಸಾಮಿಯ ಸಿಟ್ಟಿನ ಕಾರಣ ಆಗಲೇ ಹೇಳಿದೆ. ಬತೂತ ಕೇಳಿದ ಕಥೆಯನ್ನೂ ಕಂಡದ್ದರ ಜೊತೆ ಕಲಸುತ್ತಿದ್ದ. ಹಾಗಾಗಿ ಪದದ ತುಘಲಕ್ ಬೇರೆ, ಇತಿಹಾಸದ ಮುಹಮ್ಮದ್ ಬೇರೆ. ಪದವನ್ನು ಪದವಾಗಿ ಬಳಸಿ, ಅದನ್ನು ಒಂದು ಧರ್ಮದವರ ಕಡೆಗೆ ಎಸೆಯುವ ಕಲ್ಲು ಮಾಡಬೇಡಿ. ಅವನ ಕೈಯಲ್ಲಿ ಜಾಸ್ತಿ ನರಳಿದವರಲ್ಲಿ ಅವನ ಧರ್ಮದ ವಿದ್ವಾಂಸರೂ ಸೂಫಿಗಳೂ ಇದ್ದರು.

ರಾಜಕೀಯದಲ್ಲಿ ಈ ಪದ ಈಗ ಸವೆದುಹೋಗಿದೆ. ಯಾವ ಪಕ್ಷ ಅಧಿಕಾರದಲ್ಲಿರಲಿ, ಎದುರು ಪಕ್ಷದವರು ವಾರಕ್ಕೊಮ್ಮೆ ‘ತುಘಲಕ್ ಸರ್ಕಾರ’ ಅನ್ನುತ್ತಾರೆ. 2016ರ ನೋಟು ರದ್ದತಿಯಲ್ಲಿ ಟೀಕೆ ಮಾಡಿದವರು ತಕ್ಷಣ ಎಳೆದು ತಂದದ್ದೂ ಇದೇ ಹೆಸರು. ಅದು ಸರಿಯೋ ತಪ್ಪೋ ರಾಜಕೀಯದ ಜಗಳ, ನನ್ನದಲ್ಲ. ಪದದ ಲೆಕ್ಕದಲ್ಲಿ ಹೇಳುವುದಾದರೆ, ನಮಗೆ ಇಷ್ಟವಾಗದ ತೀರ್ಮಾನವೆಲ್ಲ ತುಘಲಕ್ ಅಲ್ಲ. ಬಸ್ ದರ ಏರಿಸಿದರೆ ಅದು ದರ ಏರಿಕೆ. ಸೋಮವಾರ ಏರಿಸಿ, ಗುರುವಾರ ಇಳಿಸಿ, ಶನಿವಾರ ಬಸ್ಸಿನ ಬಣ್ಣ ಬದಲಿಸಿ, ಕಂಡಕ್ಟರಿಗೆ ನೋಟಿಸು ಕೊಟ್ಟರೆ ಆಗ ಆ ಪದ ತೆಗೆಯಿರಿ.

ನಿಮ್ಮ ಮ್ಯಾನೇಜರ್ ವಿಷಯಕ್ಕೆ ಬಂದರೆ, ಅವರು ಬೆಳಿಗ್ಗೆ ಹೇಳಿದ್ದನ್ನು ಸಂಜೆ ಬದಲಿಸುವುದು ಮಾತ್ರ ಆಗಿದ್ದರೆ ‘ಗಳಿಗೆಗೊಂದು ಬುದ್ಧಿ’ ಅಂದರೆ ಸಾಕು. ಬೆಳಗಿನ ಮಾತಿಗೆ ನೀವು ಕೆಲಸ ಮಾಡಿ ಮುಗಿಸಿರುತ್ತೀರಿ, ಸಂಜೆಯ ಮಾತಿಗೆ ಅದನ್ನು ಅಳಿಸಿ ಮತ್ತೆ ಮಾಡುತ್ತೀರಿ, ಯಾಕೆ ತಡ ಅಂತ ಅವರೇ ಕೇಳುತ್ತಾರೆ, ಮೀಟಿಂಗಿನಲ್ಲಿ ಉಳಿದವರು ತಲೆ ಆಡಿಸುತ್ತಾರೆ ಅಂತಾದರೆ ನಿಮ್ಮ ಜೊತೆಯವರ ಮಾತಿಗೆ ನಾನೂ ಸಹಿ ಹಾಕುತ್ತೇನೆ. ಬರವಣಿಗೆಯಲ್ಲಿ ಬೇಡ, ಬಾಯಲ್ಲಿ ಸಾಕು. ಆಫೀಸಿನ ವಾಟ್ಸ್ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ.

ಮಗನ ವಿಷಯ ಸ್ವಲ್ಪ ಕಷ್ಟ. ದೋಸೆ ಅಂದವನು ಪೂರಿ ಅಂದರೆ ಅದು ಬರೀ ಹುಕಿ. ಒಂಬತ್ತು ವರ್ಷದ ಹುಡುಗನಿಗೆ ಹುಕಿ ಇರದೆ ಇನ್ಯಾರಿಗೆ ಇರಬೇಕು? ‘ದೋಸೆ ತಿಂದು ಏಳು’ ಅಂತ ತಟ್ಟೆ ಮುಂದಿಟ್ಟಿದ್ದರೆ ಅತ್ತೆಯವರ ಪದ ತಪ್ಪು. ಆದರೆ ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಪೂರಿ ಅಂತಾನೆ ಅಂತ ಬರೆದಿದ್ದೀರಿ. ಆಮೇಲೆ ಅವತ್ತು ಬೆಳಿಗ್ಗೆ ಪೂರಿಗೆ ಹಿಟ್ಟು ಕಲಸಿದ್ದು ಯಾರು ಅಂತ ಬರೆದಿಲ್ಲ.